ರಾಜನ ಕುರ್ಚಿಯಲ್ಲಿ ಕೂತು ಪ್ರವಾದಿಗಳನ್ನು ಓದುವುದು: ಸಭಾ ನಾಯಕರು ಪದೇ ಪದೇ ಕೇಳುವ ಪ್ರಶ್ನೆಗಳು

ಸಭಾಪಾಲಕರು, ಕಮಿಟಿಯ ಹಿರಿಯರು, ಸಂಡೇ ಸ್ಕೂಲ್ ಟೀಚರ್‌ಗಳು, ಯುವಜನರ ಕೂಟ ನಡೆಸುವವರು. ಇವರ ಜೊತೆ ಕೂತು ಹಳೆ ಒಡಂಬಡಿಕೆಯ ಪ್ರವಾದಿಗಳನ್ನು ಓದುವಾಗ ಕೆಲವು ಪ್ರಶ್ನೆಗಳು ಮತ್ತೆ ಮತ್ತೆ ಬರುತ್ತವೆ. ಕೆಲವನ್ನು ಎದ್ದು ನಿಂತು ಕೇಳುತ್ತಾರೆ. ಕೆಲವನ್ನು ಕೂಟ ಮುಗಿದ ಮೇಲೆ ಬಾಗಿಲ ಹತ್ತಿರ ಮೆಲ್ಲಗೆ ಕೇಳುತ್ತಾರೆ. ಆದಷ್ಟು ಕೇಳಿದವರ ಮಾತಿನಲ್ಲೇ ಬಿಟ್ಟಿದ್ದೇನೆ. ಸಲೀಸಾದವು ಮೊದಲು, ತಲೆ ತಿನ್ನುವವು ಕೊನೆಗೆ.

## ಶುರುವಿನಲ್ಲಿ ಬರುವ ಪ್ರಶ್ನೆಗಳು

ಪ್ರವಾದಿ ಅಂದ್ರೆ ಮುಂದಾಗೋದನ್ನ ಹೇಳೋರು ಅಲ್ವಾ? ಅದರಲ್ಲಿ ನಾಯಕತ್ವದ ಪಾಠ ಎಲ್ಲಿಂದ ಬಂತು?

ಮುಂದಾಗುವುದನ್ನು ಹೇಳಿದ್ದೂ ಉಂಟು. ಆದರೆ ಅದು ಅವರ ಕೆಲಸದ ಒಂದು ಭಾಗ ಅಷ್ಟೇ. ಕನ್ನಡದ ‘ಪ್ರವಾದಿ’ ಪದದೊಳಗೂ ಇರುವುದು ನುಡಿ, ಮಾತು. ಕಾಲಜ್ಞಾನ ಹೇಳುವವರನ್ನು ಮನಸ್ಸಿನಲ್ಲಿಟ್ಟುಕೊಂಡು ಆಮೋಸನ ಪುಸ್ತಕ ತೆರೆದರೆ ನಿರಾಸೆಯಾಗುತ್ತದೆ. ಅಲ್ಲಿ ಸಿಗುವುದು ಮೋಸದ ತಕ್ಕಡಿ, ಲಂಚ ತಿನ್ನುವ ನ್ಯಾಯಸ್ಥಾನ, ಒಂದು ಜೊತೆ ಚಪ್ಪಲಿಗಾಗಿ ಮಾರಾಟವಾದ ಬಡವ. ಕ್ರಿ.ಪೂ. 8ನೇ ಶತಮಾನದ ಇಸ್ರಾಯೇಲ್ (ಉತ್ತರದ ರಾಜ್ಯ; ದಕ್ಷಿಣದ್ದು ಯೆಹೂದ), ಎರಡನೇ ಯಾರೊಬ್ಬಾಮನ ಆಳ್ವಿಕೆ. ದೇಶ ಚೆನ್ನಾಗಿ ಬದುಕುತ್ತಿತ್ತು, ಹಬ್ಬಗಳು ಜೋರಾಗಿ ನಡೆಯುತ್ತಿದ್ದವು. ಆ ಹಬ್ಬಗಳ ಮಧ್ಯೆ ನಿಂತು ಆಮೋಸ ‘ಇದು ಯಾರ ದುಡ್ಡು’ ಅನ್ನುವಂತೆ ಮಾತಾಡಿದ. ಕೈಯಲ್ಲಿ ಅಧಿಕಾರ ಇದ್ದವರು ಅದನ್ನು ಏನು ಮಾಡುತ್ತಿದ್ದಾರೆ ಅನ್ನುವುದೇ ಪ್ರವಾದಿಗಳ ದೊಡ್ಡ ವಿಷಯ.

ಹದಿನಾರು ಪುಸ್ತಕ ನೋಡಿದ್ರೇ ಭಯ ಆಗುತ್ತೆ. ಎಲ್ಲಿಂದ ಶುರು ಮಾಡಲಿ?

ಯೆಶಾಯನಿಂದ ಶುರು ಮಾಡಬೇಡಿ. 66 ಅಧ್ಯಾಯ, ಅರ್ಧ ದಾರಿಯಲ್ಲಿ ನಿಲ್ಲುತ್ತೀರಿ. ಮೊದಲು ಕಥೆ ಓದಿ: ಸಮುವೇಲ, ನಾತಾನ, ಎಲೀಯ, ಎಲೀಷ, ಮೀಕಾಯೆಹು. ಇವರೆಲ್ಲ ಇರುವುದು ಸಮುವೇಲ ಮತ್ತು ಅರಸುಗಳ ಪುಸ್ತಕಗಳಲ್ಲಿ. ಯೆಹೂದ್ಯರ ಬೈಬಲಿನಲ್ಲಿ ಆ ಪುಸ್ತಕಗಳೂ ‘ಪ್ರವಾದಿಗಳು’ ಅನ್ನುವ ಭಾಗಕ್ಕೇ ಸೇರುತ್ತವೆ. ದಾನಿಯೇಲ ಮಾತ್ರ ಅಲ್ಲಿ ಬೇರೆ ಭಾಗದಲ್ಲಿದ್ದಾನೆ. ಆಮೇಲೆ ಆಮೋಸ, 9 ಅಧ್ಯಾಯ. ಆಮೇಲೆ ಯೆರೆಮೀಯ, ನಿಧಾನವಾಗಿ.

ಪ್ರವಾದಿಗಳು ಯಾವ ಸಂಸ್ಥೆಯನ್ನೂ ನಡೆಸಲಿಲ್ಲ, ಸಂಬಳ ಕೊಡಲಿಲ್ಲ, ಮೀಟಿಂಗ್ ಮಾಡಲಿಲ್ಲ. ನಮಗೆ ಹೇಗೆ ಮಾದರಿ?

ನನಗೆ ಇದು ಎಲ್ಲಕ್ಕಿಂತ ಮುಖ್ಯವಾದ ಪ್ರಶ್ನೆ. ಸಭಾ ನಾಯಕರು ಈ ಕಥೆಗಳನ್ನು ಓದುವಾಗ ತಮ್ಮನ್ನು ಪ್ರವಾದಿಯ ಜಾಗದಲ್ಲಿ ನಿಲ್ಲಿಸಿಕೊಳ್ಳುತ್ತಾರೆ. ತಾವೇ ಎಲೀಯ, ಎದುರಿಗಿರುವವರೆಲ್ಲ ಅವನು ಎದುರಿಸಿದ ಇಸ್ರಾಯೇಲಿನ ರಾಜ ಅಹಾಬ. ಆದರೆ ಬೀಗದ ಕೈ ಯಾರ ಹತ್ತಿರ ಇದೆ? ಚೆಕ್‌ಗೆ ಸಹಿ ಯಾರು ಹಾಕುತ್ತಾರೆ? ಮೈಕು ಯಾರ ಕೈಯಲ್ಲಿದೆ? ಆ ಕುರ್ಚಿ ಕಥೆಯಲ್ಲಿ ರಾಜನದು, ಇಲ್ಲವೇ ಯಾಜಕನದು. ಹಾಗಾಗಿ ನಾಯಕರಿಗೆ ಇಲ್ಲಿರುವ ಮೊದಲ ಪಾಠ ಹೇಗೆ ಗದರಿಸಬೇಕು ಅನ್ನುವುದಲ್ಲ, ಹೇಗೆ ಕೇಳಿಸಿಕೊಳ್ಳಬೇಕು ಅನ್ನುವುದು.

ಆಮೋಸ 7ನೇ ಅಧ್ಯಾಯದ ಅಮಚ್ಯನನ್ನು ನೋಡಿ. ಬೇತೇಲಿನ ಯಾಜಕ. ಆಮೋಸ ಹೇಳಿದ್ದು ನಿಜವೋ ಸುಳ್ಳೋ ಅಂತ ಅವನು ಒಂದು ಸಲವೂ ಕೇಳುವುದಿಲ್ಲ. ಮೊದಲು ರಾಜನಿಗೆ ದೂರು ಕಳಿಸುತ್ತಾನೆ: ‘ಇವನು ಒಳಸಂಚು ಮಾಡುತ್ತಿದ್ದಾನೆ.’ ಆಮೇಲೆ ಆಮೋಸನಿಗೆ, ನಿನ್ನ ಯೆಹೂದಕ್ಕೆ ಹೋಗು, ಅಲ್ಲೇ ಹೊಟ್ಟೆ ಹೊರೆದುಕೋ ಅನ್ನುತ್ತಾನೆ. ಕೊನೆಗೆ, ಇದು ರಾಜನ ಪವಿತ್ರಾಲಯ ಅನ್ನುತ್ತಾನೆ. ದೇವರ ಆಲಯ ಅನ್ನುವುದು ಬಾಯಿಗೇ ಬರುವುದಿಲ್ಲ.

ಕೆಲವು ವರ್ಷ ನಾನೂ ಒಂದು ಸಭೆಯ ಕಮಿಟಿಯಲ್ಲಿದ್ದೆ. ವಯಸ್ಸಾದ ತಾಯಿಯೊಬ್ಬರು ರಿಪೇರಿ ಖರ್ಚಿನ ಲೆಕ್ಕ ಕೇಳಿದರು. ‘ಇವರದ್ದು ಯಾವಾಗಲೂ ಇದೇ’ ಅಂದೆ. ‘ಇವರ ಕಾಣಿಕೆ ಎಷ್ಟು ಬರುತ್ತೆ’ ಅಂತಲೂ ಅಂದೆ. ಲೆಕ್ಕದ ಪುಸ್ತಕ ಮಾತ್ರ ತೆರೆದು ನೋಡಲಿಲ್ಲ. ಎಷ್ಟೋ ತಿಂಗಳ ಮೇಲೆ ಈ ಅಧ್ಯಾಯ ಓದುವಾಗ ಅಮಚ್ಯನ ಧ್ವನಿ ಎಲ್ಲೋ ಕೇಳಿದ ಹಾಗಿದೆಯಲ್ಲ ಅನ್ನಿಸಿತು.

## ಕರೆ ಮತ್ತು ಕಿವಿ

ನನಗೆ ದೇವರ ಕರೆ ಇದೆ ಅಂತ ಹೇಗೆ ಗೊತ್ತಾಗುತ್ತೆ?

ಒಂದೇ ಅಚ್ಚಿನ ಕರೆ ಇಲ್ಲ. ಯೆಶಾಯ ‘ಇಗೋ, ನಾನಿದ್ದೇನೆ, ನನ್ನನ್ನು ಕಳುಹಿಸು’ ಅಂದ. ಯೆರೆಮೀಯ ನಾನಿನ್ನೂ ಹುಡುಗ, ಮಾತಾಡಲು ಬಾರದು ಅಂದ. ಆಮೋಸ, ನಾನು ಪ್ರವಾದಿಯೂ ಅಲ್ಲ, ಪ್ರವಾದಿಯ ಮಗನೂ ಅಲ್ಲ, ಕುರಿ ಕಾಯುತ್ತಿದ್ದೆ, ಅತ್ತಿಹಣ್ಣಿನ ಕೆಲಸ ಮಾಡುತ್ತಿದ್ದೆ ಅಂದ. ಯೋನ ಹಡಗು ಹತ್ತಿ ಓಡಿದ.

ಯೆಶಾಯನ ಆ ವಾಕ್ಯ ಎಷ್ಟೋ ದೀಕ್ಷಾ ಸಮಾರಂಭಗಳ ಬ್ಯಾನರ್ ಮೇಲೆ ಇರುತ್ತದೆ. ಅದರ ಮುಂದಿನ ವಾಕ್ಯಗಳು ಇರುವುದಿಲ್ಲ. ಈ ಜನ ಕೇಳಿದರೂ ತಿಳಿದುಕೊಳ್ಳುವುದಿಲ್ಲ ಅಂತ ಅಲ್ಲಿದೆ. ‘ಎಷ್ಟು ಕಾಲ’ ಅಂತ ಯೆಶಾಯ ಕೇಳಿದರೆ, ಊರುಗಳು ಹಾಳಾಗುವ ತನಕ ಅನ್ನುವ ಉತ್ತರ ಬರುತ್ತದೆ. ಅದನ್ನೂ ಸೇರಿಸಿ ಓದಿಕೊಂಡು, ಆಮೇಲೂ ಹೋಗಬೇಕು ಅನ್ನಿಸಿದರೆ ಮುಂದಕ್ಕೆ ಯೋಚಿಸಿ.

ಹೆಂಗಸರು ದೊಡ್ಡ ವಿಷಯದಲ್ಲಿ ಮಾತಾಡಿದ್ರೆ ನಮ್ಮ ಹಿರಿಯರು ಒಪ್ಪಲ್ಲ. ಪ್ರವಾದಿಗಳಲ್ಲಿ ಇದಕ್ಕೆ ಏನಾದ್ರೂ ಇದೆಯಾ?

ಇದೆ. ಕ್ರಿ.ಪೂ. 622ರ ಸುಮಾರು. ದೇವಾಲಯದ ರಿಪೇರಿ ನಡೆಯುವಾಗ ಧರ್ಮಶಾಸ್ತ್ರದ ಸುರುಳಿಯೊಂದು ಸಿಕ್ಕಿತು. ಲೇಖಕ ಶಾಫಾನ ಅದನ್ನು ರಾಜ ಯೋಷೀಯನಿಗೆ ಓದಿ ಹೇಳಿದ. ರಾಜ ಬಟ್ಟೆ ಹರಿದುಕೊಂಡ, ದೇವರನ್ನು ವಿಚಾರಿಸಿ ಬನ್ನಿ ಅಂದ. ಮಹಾಯಾಜಕ ಹಿಲ್ಕೀಯ, ಶಾಫಾನ, ಇನ್ನೂ ಕೆಲವು ಅಧಿಕಾರಿಗಳು ಹೊರಟರು. ಹೋಗಿದ್ದು ಎಲ್ಲಿಗೆ? ರಾಜವಸ್ತ್ರಗಳ ಉಸ್ತುವಾರಿ ನೋಡುತ್ತಿದ್ದ ಶಲ್ಲೂಮನ ಹೆಂಡತಿ ಹುಲ್ದಳ ಮನೆಗೆ. ಯೆರೆಮೀಯ ಆಗಲೇ ಸೇವೆ ಶುರು ಮಾಡಿ ಐದು ವರ್ಷವಾಗಿತ್ತು, ಆದರೂ ಹುಲ್ದಳ ಹತ್ತಿರವೇ ಹೋದರು. ಆಕೆ ಮೊದಲು ಹೇಳಿದ್ದು, ‘ನಿಮ್ಮನ್ನು ಕಳುಹಿಸಿದ ಆ ಮನುಷ್ಯನಿಗೆ ಹೋಗಿ ಹೇಳಿ.’ ರಾಜ ಅನ್ನಲಿಲ್ಲ, ಮನುಷ್ಯ ಅಂದಳು. ಯಾರೂ ಎದುರು ಮಾತಾಡಲಿಲ್ಲ. ಇದು 2 ಅರಸು 22ರಲ್ಲಿದೆ. ಕಮಿಟಿಯಲ್ಲಿ ಒಮ್ಮೆ ಜೋರಾಗಿ ಓದಿಸಿ.

ಕಮಿಟಿಯಲ್ಲಿ ಎಲ್ಲರೂ ಒಂದೇ ಮಾತು ಹೇಳಿದ್ರೆ ಅದು ದೇವರ ಚಿತ್ತ ತಾನೇ?

ಆಗಿರಬಹುದು. ಎಲ್ಲರಿಗೂ ನಿಮ್ಮ ಮುಖ ನೋಡಿ ಮಾತಾಡುವ ಅಭ್ಯಾಸ ಆಗಿರಲೂಬಹುದು.

1 ಅರಸು 22ರಲ್ಲಿ ಅಹಾಬ ರಾಮೋತ್ ಗಿಲ್ಯಾದಿನ ಮೇಲೆ ಯುದ್ಧಕ್ಕೆ ಹೋಗಬೇಕು ಅಂತ ಆಗಲೇ ತೀರ್ಮಾನಿಸಿದ್ದ. ಆಮೇಲೆ ಸುಮಾರು 400 ಪ್ರವಾದಿಗಳನ್ನು ಕೇಳಿದ. ಒಬ್ಬ ತಪ್ಪದೆ ಎಲ್ಲರೂ ‘ಹೋಗು, ಗೆಲ್ಲುತ್ತೀ’ ಅಂದರು. ಒಬ್ಬನಂತೂ ಕಬ್ಬಿಣದ ಕೊಂಬು ಮಾಡಿಸಿಕೊಂಡೇ ಬಂದಿದ್ದ. ಜೊತೆಗಿದ್ದ ಯೆಹೂದದ ರಾಜ ಯೆಹೋಷಾಫಾಟನಿಗೆ ಮಾತ್ರ ಏನೋ ಸರಿ ಕಾಣಲಿಲ್ಲ. ‘ಇನ್ನು ಯಾರೂ ಇಲ್ಲವಾ?’ ಅಂದ. ‘ಮೀಕಾಯೆಹು ಅಂತ ಒಬ್ಬ ಇದ್ದಾನೆ. ನನಗೆ ಅವನನ್ನು ಕಂಡರಾಗದು. ಒಂದು ದಿನವೂ ನನ್ನ ಬಗ್ಗೆ ಒಳ್ಳೆಯದು ಹೇಳಿಲ್ಲ’ ಅಂದ ಅಹಾಬ. ಅವನನ್ನು ಕರೆಯಲು ಹೋದ ಆಳು ದಾರಿಯಲ್ಲೇ ಬುದ್ಧಿ ಹೇಳಿದ: ಎಲ್ಲರೂ ಒಳ್ಳೆಯದೇ ಹೇಳಿದ್ದಾರೆ, ನೀನೂ ಹಾಗೇ ಹೇಳಿಬಿಡು.

ಆ ಆಳು ನನಗೆ ತುಂಬ ಪರಿಚಯದವನು. ಪ್ರತಿ ಸಭೆಯಲ್ಲೂ ಇರುತ್ತಾನೆ. ಕೆಟ್ಟವನಲ್ಲ, ಸುಮ್ನೆ ಗಲಾಟೆ ಬೇಡ ಅನ್ನುವವನು. ಮೀಕಾಯೆಹು ಸತ್ಯ ಹೇಳಿದ, ಕೆನ್ನೆಗೆ ಏಟು ತಿಂದ, ಸೆರೆಮನೆಗೆ ಹೋದ. ಅಹಾಬ ಯುದ್ಧಕ್ಕೆ ವೇಷ ಮರೆಸಿಕೊಂಡು ಹೋದ. ಅಂದರೆ 400 ಜನರ ಮಾತನ್ನು ಅವನೂ ಪೂರ್ತಿ ನಂಬಿರಲಿಲ್ಲ. ಯಾರೋ ಗುರಿಯಿಲ್ಲದೆ ಬಿಟ್ಟ ಬಾಣ ತಗುಲಿ ಸತ್ತ.

ಕೆಲಸಕ್ಕೆ ಬರುವ ಒಂದು ಉಪಾಯ ಹೇಳುತ್ತೇನೆ. ದೊಡ್ಡ ನಿರ್ಣಯದ ದಿನ ಅಧ್ಯಕ್ಷರು ಕೊನೆಗೆ ಮಾತಾಡಲಿ. ಮೊದಲೇ ಬಾಯಿ ತೆರೆದರೆ ಉಳಿದವರು ಅದನ್ನೇ ಹೇಳುತ್ತಾರೆ.

## ಅಧಿಕಾರ, ಹಣ, ಕಟ್ಟಡ

‘ದೇವರ ಅಭಿಷಿಕ್ತನನ್ನು ಮುಟ್ಟಬೇಡಿ’ ಅಂತ ನಮ್ಮ ಪಾಸ್ಟರ್ ಹೇಳ್ತಾರೆ. ಪ್ರಶ್ನೆ ಕೇಳೋದು ತಪ್ಪಾ?

ಆ ವಾಕ್ಯ ಕೀರ್ತನೆ 105ರದ್ದು. ಅಲ್ಲಿ ಮಾತಾಡುತ್ತಿರುವುದು ಅಬ್ರಹಾಮ, ಇಸಾಕ, ಯಾಕೋಬರ ಬಗ್ಗೆ. ಸ್ವಂತ ನೆಲವಿಲ್ಲದೆ ಊರೂರು ಅಲೆಯುತ್ತಿದ್ದ ಬೆರಳೆಣಿಕೆಯ ಜನ. ‘ಮುಟ್ಟಬೇಡಿ’ ಅನ್ನಿಸಿಕೊಂಡವರು ಆಯಾ ದೇಶದ ರಾಜರು. ಬಲ ಇಲ್ಲದವರಿಗೆ ಕೊಟ್ಟ ರಕ್ಷಣೆಯನ್ನು ಬಲ ಇರುವವರು ಗುರಾಣಿ ಮಾಡಿಕೊಂಡರೆ ವಾಕ್ಯ ತಲೆಕೆಳಗಾಯಿತು.

ದಾವೀದ ಇಸ್ರಾಯೇಲಿನ ಮೊದಲ ರಾಜ ಸೌಲನ ಮೇಲೆ ಕೈ ಎತ್ತಲಿಲ್ಲ ನಿಜ. ಎತ್ತಲಿಲ್ಲ ಅಂದದ್ದು ಕತ್ತಿಯ ವಿಷಯ. ಅದೇ ಸೌಲನನ್ನು ಸಮುವೇಲ ಎರಡು ಸಲ ಮುಖದ ಮೇಲೆ ತರಾಟೆಗೆ ತೆಗೆದುಕೊಂಡ. ಅಭಿಷೇಕ ಮಾಡಿದವನೂ ಅವನೇ. ಇನ್ನು ತನ್ನ ಸರದಿ ಬಂದಾಗ ಸಮುವೇಲ ಏನು ಮಾಡಿದ? ಜನರ ಮುಂದೆ ನಿಂತು, ನಾನು ಯಾರ ಎತ್ತು ತೆಗೆದುಕೊಂಡೆ, ಯಾರ ಕತ್ತೆ ತೆಗೆದುಕೊಂಡೆ, ಯಾರ ಕೈಯಿಂದ ಲಂಚ ತಿಂದೆ, ಹೇಳಿ, ವಾಪಸ್ ಕೊಡುತ್ತೇನೆ ಅಂದ. ಇದಕ್ಕಿಂತ ಒಳ್ಳೆ ಆಡಿಟ್ ಎಲ್ಲಿದೆ?

ನಾತಾನನ ಹಾಗೆ ‘ನೀನೇ ಆ ಮನುಷ್ಯ’ ಅಂತ ನೇರವಾಗಿ ಹೇಳಿಬಿಡಲಾ?

ರಾಜ ದಾವೀದ ಊರೀಯನ ಹೆಂಡತಿಯನ್ನು ತನ್ನವಳಾಗಿಸಿಕೊಂಡು ಊರೀಯನನ್ನು ಕೊಲ್ಲಿಸಿದ್ದ, ಅದಕ್ಕೇ ಆ ಮಾತು. ಆದರೆ ಅದು ಬರುವ ಮುಂಚೆ ನಾತಾನ ಒಂದು ಕಥೆ ಹೇಳಿದ್ದ. ಬಡವನ ಒಂದೇ ಒಂದು ಕುರಿಮರಿ. ಅವನ ತುತ್ತನ್ನೇ ತಿಂದು, ಅವನ ಬಟ್ಟಲಲ್ಲೇ ಕುಡಿದು, ಅವನ ಎದೆಯ ಮೇಲೆ ಮಲಗುತ್ತಿದ್ದ ಮರಿ. ಸಾಹುಕಾರ ಅದನ್ನು ಕಿತ್ತುಕೊಂಡು ಅತಿಥಿಗೆ ಅಡಿಗೆ ಮಾಡಿಸಿದ. ಕುರಿ ಕಾದು ಬೆಳೆದ ದಾವೀದನಿಗೆ ಸಿಟ್ಟು ನೆತ್ತಿಗೇರಿತು. ತೀರ್ಪು ಅವನ ಬಾಯಿಂದಲೇ ಬಂತು. ಆಮೇಲೆ ‘ನೀನೇ ಆ ಮನುಷ್ಯ.’

ಇನ್ನೊಂದು ಜನ ಗಮನಿಸುವುದಿಲ್ಲ. ದೇವಾಲಯ ಕಟ್ಟುತ್ತೇನೆ ಅಂತ ದಾವೀದ ಹೇಳಿದಾಗ ನಾತಾನ ಮೊದಲು ‘ಮಾಡು’ ಅಂದಿದ್ದ. ಅದೇ ರಾತ್ರಿ ದೇವರ ಮಾತು ಬೇರೆ ಬಂತು. ಅವನು ಮತ್ತೆ ಹೋಗಿ ತನ್ನ ಮಾತು ತಿದ್ದಿಕೊಂಡ. ಸ್ವಂತ ತಪ್ಪನ್ನು ತಿದ್ದಿಕೊಂಡವನ ಬಾಯಲ್ಲಿ ಆ ಎರಡನೇ ಮಾತಿಗೆ ತೂಕ ಬಂದಿತ್ತು. ದಾವೀದನ ಕೊನೆಗಾಲದಲ್ಲೂ ನಾತಾನ ಅರಮನೆಯಲ್ಲೇ ಇದ್ದ. ಹೇಳಿ ಬಾಗಿಲು ಬಡಿದುಕೊಂಡು ಹೋದವನಲ್ಲ. ವಾಟ್ಸಾಪ್ ಗ್ರೂಪಿನಲ್ಲಿ ಹಾಕಿ ಎಕ್ಸಿಟ್ ಆಗುವುದಕ್ಕೆ ದಯವಿಟ್ಟು ನಾತಾನನ ಹೆಸರು ಬಳಸಬೇಡಿ.

ಸೇವೆ ಮಾಡೋರು ಕಾಣಿಕೆ ತಗೊಂಡ್ರೆ ಏನು ತಪ್ಪು? ಗೇಹಜಿಗೆ ಅಷ್ಟು ದೊಡ್ಡ ಶಿಕ್ಷೆ ಯಾಕೆ?

ಕಾಣಿಕೆ ತಪ್ಪಲ್ಲ. ಎಲೀಷನೂ ಜನ ತಂದ ರೊಟ್ಟಿ ತೆಗೆದುಕೊಂಡಿದ್ದಾನೆ, ಶೂನೇಮಿನ ಮನೆಯವರು ಕಟ್ಟಿಸಿದ ಕೋಣೆಯಲ್ಲಿ ಮಲಗಿದ್ದಾನೆ. ಎಲೀಷನ ಆಳು ಗೇಹಜಿಗೆ ಕುಷ್ಠ ಹತ್ತಿದ್ದು ನಾಮಾನನ ಕಥೆಯಲ್ಲಿ, ಅದು ಬೇರೆ. ನಾಮಾನ ಕುಷ್ಠ ವಾಸಿಯಾದ ಅರಾಮ್ಯರ ಸೇನಾಪತಿ, ಹೊರಗಿನವನು, ದೇವರು ಬಿಟ್ಟಿಯಾಗಿ ವಾಸಿಮಾಡುತ್ತಾನೆ ಅಂತ ಆಗಷ್ಟೇ ಕಲಿತಿದ್ದ. ಗೇಹಜಿ ಓಡಿಹೋಗಿ, ಪ್ರವಾದಿಗಳ ಗುಂಪಿನ ಇಬ್ಬರು ಯುವಕರು ಬಂದಿದ್ದಾರೆ, ಅವರಿಗೆ ಬೇಕು ಅಂತ ಸುಳ್ಳು ಹೇಳಿ, ಎರಡು ತಲಾಂತು ಬೆಳ್ಳಿ ತಂದ. ಒಂದೊಂದು ತಲಾಂತು 30 ಕಿಲೋಗಿಂತ ಜಾಸ್ತಿ. ಹೊರಲು ಇಬ್ಬರು ಆಳು ಬೇಕಾಯಿತು. ಬೇರೆಯವರ ಹೆಸರಲ್ಲಿ ಎತ್ತಿದ ಹಣ, ಲೆಕ್ಕಕ್ಕೆ ಬಾರದ ಹಣ. ಉಳಿದದ್ದನ್ನು ಬಿಡಿಸಿ ಹೇಳಬೇಕಿಲ್ಲ ಅಲ್ವಾ?

ಹೊಸ ಚರ್ಚ್ ಕಟ್ಟಡಕ್ಕೆ ಹಣ ಸೇರಿಸ್ತಿದ್ದೀವಿ. ಹಗ್ಗಾಯನ ಮೇಲೆ ಪ್ರಸಂಗ ಮಾಡಬಹುದಾ?

ಮಾಡಿ. ಹಾಳುಬಿದ್ದ ದೇವಾಲಯವನ್ನು ಮತ್ತೆ ಕಟ್ಟಿ ಅಂತ ಕ್ರಿ.ಪೂ. 520ರಲ್ಲಿ ಅವನು ಮಾತಾಡಿದ, ಐದು ವರ್ಷದಲ್ಲಿ ದೇವಾಲಯ ಮುಗಿಯಿತು. ಆದರೆ ಮುಂದಿನ ಭಾನುವಾರವೇ ಯೆರೆಮೀಯ 7 ತೆಗೆದುಕೊಳ್ಳಿ. ಅಲ್ಲಿ ಜನ ‘ಯೆಹೋವನ ಆಲಯ’ ಅಂತ ಮೂರು ಸಲ ಹೇಳುತ್ತಾರೆ, ಯೆರೆಮೀಯ ಅದನ್ನೇ ಮೋಸದ ಮಾತು ಅನ್ನುತ್ತಾನೆ. ಒಂದೇ ಪುಸ್ತಕದಿಂದ ಚಂದಾ ಎತ್ತಬಾರದು.

ನನ್ನ ಮಗ ಥಿಯಾಲಜಿ ಓದಿದ್ದಾನೆ. ನನ್ನ ನಂತರ ಸಭೆ ಅವನಿಗೇ ವಹಿಸಬಹುದಾ?

ಇಸ್ರಾಯೇಲಿನಲ್ಲಿ ರಾಜತ್ವ ತಂದೆಯಿಂದ ಮಗನಿಗೆ ಹೋಗುತ್ತಿತ್ತು, ಯಾಜಕತ್ವವೂ ಹಾಗೇ. ಪ್ರವಾದಿಯ ಸೇವೆ ಹಾಗೆ ಹೋಗಲಿಲ್ಲ. ಎಲೀಯ ಹುಡುಕಿಕೊಂಡು ಹೋದದ್ದು ಹನ್ನೆರಡು ಜೋಡಿ ಎತ್ತುಗಳ ಜೊತೆ ಉಳುತ್ತಿದ್ದ ಎಲೀಷನನ್ನು. ಮುಂದೆ ಅವನನ್ನು ಗುರುತಿಸುವಾಗ ಜನ ‘ಎಲೀಯನ ಕೈಗೆ ನೀರು ಹಾಕುತ್ತಿದ್ದವನು’ ಅಂದರು.

ಸಮುವೇಲ ಮಾತ್ರ ತನ್ನ ಇಬ್ಬರು ಮಕ್ಕಳನ್ನು ಬೇರ್ಷೆಬದಲ್ಲಿ ನ್ಯಾಯಾಧಿಪತಿಗಳಾಗಿ ಇಟ್ಟ. ಅವರು ಲಂಚ ತಿಂದರು. ಬೇಸತ್ತ ಹಿರಿಯರು ನಮಗೆ ರಾಜ ಬೇಕು ಅಂತ ಬಂದರು. ಯಾರ ಎತ್ತನ್ನೂ ಮುಟ್ಟದ ಮನುಷ್ಯ ಮಕ್ಕಳ ವಿಷಯದಲ್ಲಿ ಎಡವಿದ. ನಿಮ್ಮ ಮಗ ಯೋಗ್ಯನಿರಬಹುದು. ಆದರೆ ಆ ಮಾತು ಬೇರೆಯವರ ಬಾಯಿಂದ ಬರಲಿ, ಮತ ಹಾಕುವಾಗ ನೀವು ಕೋಣೆಯಲ್ಲಿ ಇರಬೇಡಿ.

## ಸುಸ್ತು, ಸೋಲು

ಸಾಕಾಗಿದೆ. ಬಿಟ್ಟು ಹೋಗೋಣ ಅನ್ಸುತ್ತೆ. ಇದು ಅಪನಂಬಿಕೆನಾ?

ಎಲೀಯನಿಗೂ ಅನ್ನಿಸಿತ್ತು. ಕರ್ಮೆಲ್ ಬೆಟ್ಟದಲ್ಲಿ ಬಾಳನ ಪ್ರವಾದಿಗಳ ಮೇಲೆ ಗೆಲುವು ಆದ ಮರುಗಳಿಗೆಯೇ ಅಡವಿಗೆ ಓಡಿ, ಒಂದು ಗಿಡದ ಕೆಳಗೆ ಕೂತು, ‘ಸಾಕು, ನನ್ನ ಪ್ರಾಣ ತೆಗೆದುಕೋ’ ಅಂದ. ದೇವರು ಅಲ್ಲಿ ಅವನಿಗೆ ಪಾಠ ಹೇಳಲಿಲ್ಲ. ಮಲಗಲು ಬಿಟ್ಟರು. ದೂತ ಎಬ್ಬಿಸಿ ಬಿಸಿ ರೊಟ್ಟಿ, ನೀರು ಕೊಟ್ಟ. ತಿಂದು ಮತ್ತೆ ಮಲಗಿದ. ಮತ್ತೆ ಎಬ್ಬಿಸಿ ಮತ್ತೆ ಉಣಿಸಿದ. ‘ಇಲ್ಲೇನು ಮಾಡುತ್ತೀ’ ಅನ್ನುವ ಪ್ರಶ್ನೆ ಬಂದದ್ದು 40 ದಿನ ನಡೆದು ಹೋರೇಬ್ ಬೆಟ್ಟ ಮುಟ್ಟಿದ ಮೇಲೆ.

ಅಲ್ಲಿ ಎಲೀಯ ‘ನಾನೊಬ್ಬನೇ ಉಳಿದಿದ್ದೇನೆ’ ಅಂದ, ಎರಡು ಸಲ. ಇದು ನಿಜ ಅಲ್ಲ. ಅಹಾಬನ ಅರಮನೆಯ ಅಧಿಕಾರಿ ಓಬದ್ಯ 100 ಪ್ರವಾದಿಗಳನ್ನು ಗವಿಗಳಲ್ಲಿ ಬಚ್ಚಿಟ್ಟು ಅನ್ನ ನೀರು ಕೊಟ್ಟಿದ್ದ, ಅದನ್ನು ಎಲೀಯನಿಗೆ ಬಾಯಾರೆ ಹೇಳಿಯೂ ಇದ್ದ. ಸುಸ್ತಾದಾಗ ಲೆಕ್ಕ ತಪ್ಪುತ್ತದೆ. ದೇವರು 7,000 ಜನ ಇದ್ದಾರೆ ಅಂದರು, ಕೆಲಸವನ್ನು ಹಜಾಯೇಲ, ಯೇಹು, ಎಲೀಷ ಅಂತ ಮೂವರಿಗೆ ಹಂಚಿಸಿದರು. ಹಾಗಾಗಿ ಮೊದಲು ನಿದ್ದೆ ಮಾಡಿ, ಊಟ ಮಾಡಿ. ರಾಜೀನಾಮೆ ಪತ್ರವನ್ನು ರಾತ್ರಿ 11 ಗಂಟೆಗೆ ಬರೆಯಬೇಡಿ.

ಇಪ್ಪತ್ತು ವರ್ಷ ಆಯ್ತು, ಸಭೆ ಬೆಳೀತಿಲ್ಲ. ಯೆರೆಮೀಯ ಕೂಡ ಸೋತವನಲ್ವಾ?

ಲೆಕ್ಕ ಹಾಕಿದರೆ ಹೌದು. ಸುಮಾರು 40 ವರ್ಷ ಮಾತಾಡಿದ. ಕೊನೆಗೆ ಯೆರೂಸಲೇಮ್ ಬಿತ್ತು. ಅವನು ಬರೆಯಿಸಿದ ಸುರುಳಿಯನ್ನು ರಾಜ ಯೆಹೋಯಾಕೀಮ ಚಳಿಗಾಲದ ಅರಮನೆಯಲ್ಲಿ ಕೂತು, ಮೂರು ನಾಲ್ಕು ಅಂಕಣ ಓದಿದಾಗಲೆಲ್ಲ ಚಾಕುವಿನಿಂದ ಕತ್ತರಿಸಿ ಅಗ್ಗಿಷ್ಟಿಕೆಗೆ ಹಾಕಿದ. ಇವನ ತಂದೆ ಯೋಷೀಯ ಸುರುಳಿ ಕೇಳಿ ಬಟ್ಟೆ ಹರಿದುಕೊಂಡವನು. ಮಗ ಸುರುಳಿಯನ್ನೇ ಹರಿದ. ಯೆರೆಮೀಯ ತನ್ನ ಬರಹಗಾರ ಬಾರೂಕನನ್ನು ಕೂರಿಸಿಕೊಂಡು ಮತ್ತೆ ಎಲ್ಲ ಬರೆಯಿಸಿದ, ಜೊತೆಗೆ ಇನ್ನಷ್ಟು ಸೇರಿಸಿದ.

ನನಗೆ ಇಷ್ಟವಾದ ಭಾಗ ಎಬೆದ್ಮೆಲೆಕನದು. ಯೆರೆಮೀಯನನ್ನು ಕೆಸರು ತುಂಬಿದ ಬಾವಿಗೆ ಇಳಿಸಿದ್ದರು. ಅರಮನೆಯ ಆಳು, ಕೂಷ್ ದೇಶದವನು, ರಾಜನನ್ನು ಕೇಳಿಕೊಂಡು ಬಿಡಿಸಲು ಬಂದ. ಹಗ್ಗದ ಜೊತೆ ಹಳೆ ಬಟ್ಟೆ ಚಿಂದಿಗಳನ್ನೂ ಇಳಿಸಿ, ಕಂಕುಳಿಗೆ ಇಟ್ಟುಕೋ, ಹಗ್ಗ ಉಜ್ಜದಿರಲಿ ಅಂದ. ಇಡೀ ಯೆರೂಸಲೇಮಿನಲ್ಲಿ ಅಷ್ಟು ಯೋಚನೆ ಮಾಡಿದವನು ಅವನೊಬ್ಬ. ನಿಮ್ಮ ಇಪ್ಪತ್ತು ವರ್ಷದಲ್ಲಿ ಎಷ್ಟು ಎಬೆದ್ಮೆಲೆಕರು ಸಿಕ್ಕರು? ಹಾಜರಿ ಪುಸ್ತಕದಲ್ಲಿ ಅದು ಬರುವುದಿಲ್ಲ.

ಯೆರೆಮೀಯ 29:11 ನಮ್ಮ ಸಭೆಯ ಈ ವರ್ಷದ ವಾಗ್ದಾನ. ಅದರ ಮೇಲೆ ಜನರಿಗೆ ಏನು ಹೇಳಲಿ?

ನಿಮಗೆ ಒಳ್ಳೆಯ ಭವಿಷ್ಯ, ನಿರೀಕ್ಷೆ ಕೊಡುತ್ತೇನೆ ಅನ್ನುವ ಆ ವಾಕ್ಯ ಪತ್ರದ ಒಂದು ಸಾಲು ಅಂತ ಮೊದಲು ಹೇಳಿ. ಕ್ರಿ.ಪೂ. 597ರಲ್ಲಿ ಸೆರೆಯಾಗಿ ಬಾಬೆಲಿಗೆ ಹೋದವರಿಗೆ ಯೆರೆಮೀಯ ಬರೆದದ್ದು. ಅದರ ಹಿಂದಿನ ಅಧ್ಯಾಯದಲ್ಲಿ ಹನನ್ಯ ಅನ್ನುವ ಪ್ರವಾದಿ, ಎರಡೇ ವರ್ಷದಲ್ಲಿ ಎಲ್ಲರೂ ವಾಪಸ್ ಬರುತ್ತಾರೆ ಅಂತ ದೇವಾಲಯದಲ್ಲಿ ಸಾರಿದ್ದ. ಯೆರೆಮೀಯನ ಪತ್ರ 70 ವರ್ಷ ಅಂದಿತು. ಮನೆ ಕಟ್ಟಿಕೊಳ್ಳಿ, ತೋಟ ಮಾಡಿ, ಮಕ್ಕಳ ಮದುವೆ ಮಾಡಿ, ಆ ಊರಿನ ಕ್ಷೇಮಕ್ಕಾಗಿ ಪ್ರಾರ್ಥಿಸಿ. ಓದಿದವರಲ್ಲಿ ಹೆಚ್ಚಿನವರು ಬಿಡುಗಡೆ ನೋಡದೆ ಸಾಯುವವರು. 11ನೇ ವಾಕ್ಯದ ನಿರೀಕ್ಷೆ ಅವರ ಮೊಮ್ಮಕ್ಕಳದ್ದು. ಹೊಸ ವರ್ಷದ ಕಾರ್ಡಿನಲ್ಲಿ 10ನೇ ವಾಕ್ಯವನ್ನೂ ಅಚ್ಚು ಹಾಕಿಸಿ ನೋಡಿ.

## ತಲೆ ತಿನ್ನುವ ಪ್ರಶ್ನೆಗಳು

‘ದೇವರು ನನಗೆ ಹೇಳಿದರು’ ಅಂತ ಎಲ್ಲರೂ ಅಂತಾರೆ. ಸುಳ್ಳು ಪ್ರವಾದಿಯನ್ನು ಗುರುತಿಸೋದು ಹೇಗೆ?

ಹೇಳಿದ್ದು ನಡೆಯದಿದ್ದರೆ ಸುಳ್ಳು ಅನ್ನುತ್ತದೆ ಧರ್ಮೋಪದೇಶಕಾಂಡ 18. ನಡೆದರೂ ಬೇರೆ ದೇವರ ಕಡೆ ಎಳೆದರೆ ಕೇಳಬೇಡಿ ಅನ್ನುತ್ತದೆ 13ನೇ ಅಧ್ಯಾಯ. ಅಂದರೆ ನಡೆಯುವುದೊಂದೇ ಸಾಕಾಗುವುದಿಲ್ಲ. ಯೆರೆಮೀಯ 23 ಜೀವನ ನೋಡುತ್ತದೆ: ವ್ಯಭಿಚಾರ, ಸುಳ್ಳು, ಒಬ್ಬರಿಂದ ಒಬ್ಬರು ಮಾತು ಕದಿಯುವುದು. ಪ್ರವಾದಿ ಮೀಕ ಹೊಟ್ಟೆ ನೋಡುತ್ತಾನೆ: ಬಾಯಿಗೆ ಹಾಕಿದರೆ ‘ಶಾಂತಿ’ ಅನ್ನುವರು, ಹಾಕದಿದ್ದರೆ ಯುದ್ಧ ಸಾರುವರು. ಪೌಲನಂತೂ ಪ್ರವಾದನೆಯನ್ನು ಉಳಿದವರು ಕೂತು ತೂಗಿ ನೋಡಬೇಕು ಅಂದಿದ್ದಾನೆ. ತೂಗಲು ಬಿಡದವರ ಬಗ್ಗೆ ಹುಷಾರಾಗಿರಿ. ಆ ಮಾತಿನಿಂದ ಲಾಭ ಯಾರಿಗೆ ಅಂತಲೂ ನೋಡಿ.

ಪ್ರವಾದಿಗಳು ರಾಜರನ್ನೇ ಬೈದರು. ನಾವೂ ಸರ್ಕಾರವನ್ನು ಪುಲ್ಪಿಟ್‌ನಿಂದ ಬೈಯಬೇಕಾ?

ಎಲೀಯ, ನಾತಾನ ಇವರು ಬೈದದ್ದು ತಮ್ಮದೇ ದೇವರನ್ನು ಒಪ್ಪಿಕೊಂಡ ರಾಜರನ್ನು. ಒಂದೇ ಧರ್ಮಶಾಸ್ತ್ರ ಇಬ್ಬರಿಗೂ ಗೊತ್ತಿತ್ತು. ಇಲ್ಲಿ ನಾವು ಮತ್ತು ಸರ್ಕಾರ ಇಬ್ಬರೂ ಒಪ್ಪಿಕೊಂಡಿರುವುದು ಸಂವಿಧಾನ. ಅಹಾಬನ ಪಾಲಾದ ನಾಬೋತನ ದ್ರಾಕ್ಷಿತೋಟದಂತೆ ಯಾರದೋ ಭೂಮಿ ಸುಳ್ಳು ಸಾಕ್ಷಿಯಿಂದ ಹೋದರೆ ಅವನ ಪಕ್ಕ ನಿಲ್ಲಬೇಕು, ಅವನು ಕ್ರೈಸ್ತನಲ್ಲದಿದ್ದರೂ. ಆದರೆ ಆಮೋಸನ ಮೊದಲ ಎರಡು ಅಧ್ಯಾಯಗಳ ನಡೆ ಗಮನಿಸಿ. ದಮಸ್ಕ, ಗಾಜಾ, ತೂರ್, ಎದೋಮ್, ಅಮ್ಮೋನ್, ಮೋವಾಬ್. ಕೇಳುವವರು ತಲೆಯಾಡಿಸುತ್ತಿರುವಾಗಲೇ ಯೆಹೂದ, ಆಮೇಲೆ ಅವರದ್ದೇ ಇಸ್ರಾಯೇಲ್. ಜಾಸ್ತಿ ಮಾತು ಮೀಸಲಿಟ್ಟದ್ದು ಕೊನೆಯದಕ್ಕೆ. ನಮ್ಮ ಸಭೆಗಳಲ್ಲಿ ಜಾತಿ ನೋಡಿ ಮದುವೆ, ಜಾತಿ ನೋಡಿ ಚುನಾವಣೆ ನಡೆಯುವಾಗ ನಮ್ಮ ಪಟ್ಟಿ ದಮಸ್ಕದಲ್ಲೇ ನಿಂತರೆ ಹೇಗೆ?

‘ಮೊಂಡ ಜನ, ಕೆಟ್ಟ ಸಂತಾನ’ ಅಂತೆಲ್ಲ ಇದೆಯಲ್ಲ. ಯೆಹೂದ್ಯರನ್ನು ದೇವರು ಕೈಬಿಟ್ಟರು ಅಂತ ಇದರ ಅರ್ಥನಾ?

ಅಲ್ಲ. ಇದು ಮನೆಯೊಳಗಿನ ಜಗಳ. ತಾಯಿ ಮಗನನ್ನು ಬೈದ ಮಾತನ್ನು ಪಕ್ಕದ ಮನೆಯವರು ಎತ್ತಿ ಆಡಿದರೆ ಹೇಗಿರುತ್ತದೋ ಹಾಗೆ. ಈ ಬೈಗುಳಗಳನ್ನು ಜೋಪಾನವಾಗಿ ನಕಲು ಮಾಡಿ, ಉಳಿಸಿ ನಮ್ಮ ಕೈಗೆ ಕೊಟ್ಟವರೂ ಯೆಹೂದ್ಯರೇ. ತಮ್ಮನ್ನು ಬೈದ ಪುಸ್ತಕವನ್ನು ಪವಿತ್ರಗ್ರಂಥ ಮಾಡಿಕೊಳ್ಳಲು ಎಂಥ ಎದೆ ಬೇಕು! ಇಂದಿಗೂ ಸಿನಗಾಗ್‌ನಲ್ಲಿ ಸಬ್ಬತ್ ದಿನ ಪ್ರವಾದಿಗಳ ಭಾಗ ಓದುತ್ತಾರೆ.

ಯೋನನ ಸೇವೆ ಅಷ್ಟು ಯಶಸ್ವಿ ಆಯ್ತಲ್ಲ, ಮತ್ಯಾಕೆ ಅವನಿಗೆ ಸಿಟ್ಟು?

ಅಶ್ಶೂರದ ಊರು ನಿನೆವೆ ಇಡೀ ಪಶ್ಚಾತ್ತಾಪಪಟ್ಟು ದೇವರ ಕಡೆ ತಿರುಗಿಕೊಂಡಿತು. ಅಷ್ಟು ಒಳ್ಳೆ ಫಲಿತಾಂಶ ಬೇರೆ ಯಾವ ಪ್ರವಾದಿಗೂ ಸಿಗಲಿಲ್ಲ. ಆದರೆ ಅಶ್ಶೂರದವರು ಅವನ ಜನರ ವೈರಿಗಳು. ಅವರಿಗೆ ಕ್ಷಮೆ ಸಿಗುತ್ತದೆ ಅಂತ ಗೊತ್ತಿದ್ದೇ ಓಡಿಹೋದೆ ಅಂತ ಅವನೇ ಹೇಳುತ್ತಾನೆ. ಬಾಯಲ್ಲಿ ಸರಿಯಾದ ಸಂದೇಶ, ಮನಸ್ಸಿನಲ್ಲಿ ಅದು ಫಲಿಸದಿರಲಿ ಅನ್ನುವ ಆಸೆ. ನಮ್ಮಿಂದ ಒಡೆದು ಹೋದ ಗುಂಪು ಚೆನ್ನಾಗಿ ಬೆಳೆದಾಗ ನಮಗೆ ಏನಾಗುತ್ತದೆ ಅನ್ನುವುದನ್ನು ನೆನೆಸಿಕೊಂಡರೆ ಯೋನ ಅರ್ಥವಾಗುತ್ತಾನೆ. ನೆರಳು ಕೊಟ್ಟ ಗಿಡ ಒಣಗಿದ್ದಕ್ಕೆ ಅವನು ಸಾಯುವಷ್ಟು ಬೇಸರಪಟ್ಟ. ಆಗ ದೇವರು ಕೇಳಿದ್ದು: ಎಡಗೈ ಬಲಗೈ ತಿಳಿಯದ 1,20,000ಕ್ಕೂ ಜಾಸ್ತಿ ಜನ ಇರುವ ಊರಿದು, ದನಕರುಗಳೂ ಬೇಕಾದಷ್ಟಿವೆ, ನನಗೆ ಕನಿಕರ ಬೇಡವೇ? ಪುಸ್ತಕ ಅಲ್ಲಿಗೆ ನಿಲ್ಲುತ್ತದೆ. ಯೆಹೂದ್ಯರು ಇದನ್ನು ಪ್ರತಿ ವರ್ಷ ಯೋಮ್ ಕಿಪ್ಪೂರ್ (ಪ್ರಾಯಶ್ಚಿತ್ತದ ದಿನ) ಉಪವಾಸದ ಮಧ್ಯಾಹ್ನ ಓದುತ್ತಾರೆ, ಹೊಟ್ಟೆ ಹಸಿದಿರುವಾಗ.